ದಿನಚರಿಯಲ್ಲಿ ಇಲ್ಲದ ದಿನ

ಕ್ಯಾಲಿಫೋರ್ನಿಯಾದ ಸಾಕ್ರಮೆಂಟೊ ನಗರದ ನಡುವೆ, ಸ್ವಿಟ್ಜರ್ಲೆಂಡಿನ ಕಡೆಯಿಂದ ಬಂದು ನೆಲೆಸಿದ ಜಾನ್ ಸಟರನೆಂಬ ಸಾಹಸಿಯು 1839ರ ತರುವಾಯ ಕಟ್ಟಿಸಿದ, ಹಸಿ ಇಟ್ಟಿಗೆಯ ಗೋಡೆಗಳ ಕೋಟೆಯೊಂದುಂಟು. ಆ ಕೋಟೆಯ ಸಂಗ್ರಹದಲ್ಲಿ, ರೀಡ್ ಎಂಬ ಮನೆತನದವರ ಕಾಗದಪತ್ರಗಳ ನಡುವೆ, ಒಂದು ಪ್ರಯಾಣದ ದಿನಚರಿ ಇದೆ. 1846ರ ಏಪ್ರಿಲ್ ತಿಂಗಳಲ್ಲಿ ಮೊದಲಾಗುವ ಈ ದಿನಚರಿಯು, ಎಂದು ಎಷ್ಟು ಮೈಲಿ ನಡೆದೆವು, ಎಲ್ಲಿ ಬಿಡಾರ ಹೂಡಿದೆವು, ನೀರು ಹೇಗಿತ್ತು, ಎತ್ತುಗಳಿಗೆ ಹುಲ್ಲು ಸಿಕ್ಕಿತೆ ಇಲ್ಲವೆ ಎಂಬ ವಿಷಯಗಳನ್ನು ಅಲ್ಪಾಕ್ಷರಗಳಲ್ಲಿ ಹೇಳುತ್ತ ಬಂದು, ಅದೇ ವರ್ಷದ ಅಕ್ಟೋಬರ್ 4ನೆಯ ತಾರೀಖಿಗೆ ನಿಂತುಹೋಗುತ್ತದೆ. ಮರುದಿನ, ಅಂದರೆ ಅಕ್ಟೋಬರ್ 5ರಂದು, ಅದನ್ನು ಬರೆಯುತ್ತಿದ್ದವನ ಕೈಯಿಂದ ಒಬ್ಬ ಯುವಕನ ಪ್ರಾಣ ಹೋಯಿತು.

ಒಂದು ಮನೆತನವು ತನ್ನ ಕಾಗದಗಳನ್ನು ತಲೆಮಾರುಗಳವರೆಗೆ ಕಾಪಾಡಿಕೊಂಡು ಬಂದಿತೆಂದರೆ, ಅದು ತನ್ನ ನೆನಪನ್ನಷ್ಟೇ ಅಲ್ಲದೆ ತನ್ನ ಮೌನವನ್ನೂ ಕಾಪಾಡಿಕೊಂಡು ಬಂದಿರುತ್ತದೆ. ರೀಡರ ಕಾಗದಗಳನ್ನು ಕುರಿತು ನಾನು ಹೇಳಬಯಸುವುದೆಲ್ಲವೂ ಆ ಒಂದು ದಿನದ ಸುತ್ತಲೇ ಸುತ್ತುತ್ತದೆ. ಆದರೆ ಆ ದಿನವನ್ನು ಮುಟ್ಟಬೇಕಾದರೆ ಎತ್ತಿನ ಬಂಡಿಯ ಗತಿಯಲ್ಲಿಯೇ ಅಲ್ಲಿಗೆ ಹೋಗಬೇಕು.

ಜೇಮ್ಸ್ ಫ್ರೇಜರ್ ರೀಡನು 1800ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕಕ್ಕೆ ಬಂದು, ಇಲಿನಾಯ್ ಸೀಮೆಯ ಸೀಸದ ಗಣಿಗಳಲ್ಲಿ ಕೆಲಸಮಾಡಿ, ಮುಂದೆ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ವ್ಯಾಪಾರೋದ್ಯಮಗಳಿಂದ ಸ್ಥಿತಿವಂತನಾದವನು. 1832ರಲ್ಲಿ ಬ್ಲ್ಯಾಕ್ ಹಾಕ್ ಎಂಬ ಮೂಲನಿವಾಸಿ ನಾಯಕನ ಮೇಲೆ ನಡೆದ ಯುದ್ಧದಲ್ಲಿ ಅವನು ಸೇರಿದ್ದ ದಳದಲ್ಲಿಯೇ, ಆಗಿನ್ನೂ ಹೆಸರಿಲ್ಲದ ತರುಣನಾಗಿದ್ದ ಅಬ್ರಹಾಂ ಲಿಂಕನ್ನನೂ ಇದ್ದನು. ಪಡುವಣ ಬೆಟ್ಟದಾರಿಗಳನ್ನು ಅಂಗೈಯಂತೆ ಬಲ್ಲವನಾಗಿದ್ದ ಜೇಮ್ಸ್ ಕ್ಲೈಮನ್ನನೂ ಇದ್ದನು. 1835ರಲ್ಲಿ ರೀಡನು ಮಾರ್ಗರೆಟ್ ಎಂಬ ವಿಧವೆಯನ್ನು ವರಿಸಿದಾಗ, ಅವಳ ಮೊದಲ ಮದುವೆಯ ಮಗಳಾದ ಎಳೆಯ ವರ್ಜೀನಿಯಾಳನ್ನು ತನ್ನ ಮಗಳೆಂದೇ ಸ್ವೀಕರಿಸಿದನು. ಆ ಮೇಲೆ ಮಾರ್ಥಾ ಜೇನ್ ಹುಟ್ಟಿದಳು. ಮನೆಯವರಿಗೆಲ್ಲ ಅವಳು ಪ್ಯಾಟಿ. ಅವಳ ಬೆನ್ನಿಗೆ ಜೇಮ್ಸ್, ಥಾಮಸ್ ಎಂಬ ಇಬ್ಬರು ಗಂಡುಮಕ್ಕಳು.

1846ರ ಏಪ್ರಿಲ್ ಮಧ್ಯಭಾಗದಲ್ಲಿ ರೀಡನ ಕುಟುಂಬವೂ, ಜಾರ್ಜ್ ಡಾನರ್ ಮತ್ತು ಜೇಕಬ್ ಡಾನರ್ ಎಂಬ ಸೋದರರ ಕುಟುಂಬಗಳೂ ಒಂಬತ್ತು ಬಂಡಿಗಳಲ್ಲಿ ಸ್ಪ್ರಿಂಗ್‌ಫೀಲ್ಡನ್ನು ಬಿಟ್ಟು, ಆಗಿನ್ನೂ ಮೆಕ್ಸಿಕೋದ ಆಡಳಿತದಲ್ಲಿದ್ದ ಕ್ಯಾಲಿಫೋರ್ನಿಯಾದ ಕಡೆಗೆ ಹೊರಟವು. ರೀಡನ ಬಂಡಿಗಳಲ್ಲೊಂದು ಮನೆಯಂಥ ಬಂಡಿ. ಅದಕ್ಕೆ ಪಕ್ಕದಿಂದ ಹತ್ತುವ ಬಾಗಿಲು, ಸ್ಪ್ರಿಂಗಿನ ಪೀಠಗಳು, ಚಳಿಗೆ ಕಬ್ಬಿಣದ ಒಲೆ, ಮಲಗುವುದಕ್ಕೆ ಮೇಲೊಂದು ಅಟ್ಟ. ಇಷ್ಟೆಲ್ಲ ಸೌಕರ್ಯವನ್ನು ಹೂಡಿದುದು ಮುಖ್ಯವಾಗಿ ಮಾರ್ಗರೆಟ್ಟಳ ತಾಯಿಯಾದ ಸಾರಾ ಕೀಸ್ ಎಂಬ ವೃದ್ಧೆಗಾಗಿ. ಎಪ್ಪತ್ತರ ವಯಸ್ಸಿನಲ್ಲಿ, ಕ್ಷಯದಿಂದ ಕೃಶಳಾಗಿ, ಹಾಸಿಗೆ ಹಿಡಿದಿದ್ದರೂ, ಒಬ್ಬಳೇ ಮಗಳನ್ನು ಬಿಟ್ಟಿರಲಾರೆನೆಂದು ಅವಳು ಹೊರಟುಬಂದಿದ್ದಳು. ಮೇ 29ರಂದು, ಇಂದಿನ ಕ್ಯಾನ್ಸಸ್ ಪ್ರಾಂತದ ಬಿಗ್ ಬ್ಲೂ ನದಿಯ ಬಳಿ, ಅವಳು ತೀರಿಕೊಂಡಳು. ಒಂದು ಓಕ್ ಮರದ ಕೆಳಗೆ ಅವಳನ್ನು ಮಣ್ಣುಮಾಡಿ, ಜೊತೆಯಲ್ಲಿದ್ದ ಜಾನ್ ಡೆಂಟನ್ ಎಂಬ ಆಂಗ್ಲೇಯನಿಂದ ಕಲ್ಲಿನ ಮೇಲೆ ಅವಳ ಹೆಸರನ್ನು ಕೆತ್ತಿಸಿದರು. ಅಜ್ಜಿಯ ತಲೆಗೂದಲಿನ ಒಂದು ಎಳೆಯನ್ನು ಎಂಟು ವರ್ಷದ ಪ್ಯಾಟಿ ತನ್ನಲ್ಲಿಟ್ಟುಕೊಂಡಳು. ಈ ಕೂದಲೆಳೆ ಇಡೀ ಮರುಭೂಮಿಯನ್ನೂ ಹಿಮವನ್ನೂ ದಾಟಿ ಉಳಿಯಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಕಾಪಾಡುವ ಸ್ವಭಾವವು ಆ ಹುಡುಗಿಯಲ್ಲಿ ಅಂದೇ ಇದ್ದಿತು.

ಇನ್ನು ದಿನಚರಿ. ಅದನ್ನು ಮೊದಲು ಬರೆದವನು ರೀಡನಲ್ಲ, ಡಾನರರ ಬಂಡಿ ಹೊಡೆಯಲು ಬಂದಿದ್ದ ಹಿರಂ ಮಿಲ್ಲರ್ ಎಂಬ ಸ್ಪ್ರಿಂಗ್‌ಫೀಲ್ಡಿನವನು. ಜುಲೈ 2ರವರೆಗೆ ಬರೆದು, ಹೇಸರಗತ್ತೆಗಳ ಮೇಲೆ ಬೇಗನೆ ಮುಂದುವರಿದ ತಂಡವೊಂದನ್ನು ಅವನು ಕೂಡಿಕೊಂಡನು. ಅಲ್ಲಿಂದ ಮುಂದೆ ಪುಟಗಳು ರೀಡನ ಕೈಯಲ್ಲಿವೆ. ರೀಡನು ಬರೆದ ಬಗೆ ವಿಚಿತ್ರವಾಗಿದೆ: ಬೆಟ್ಟಗಳನ್ನು ಪರಿಶೀಲಿಸಿ ಬಂದು ತಂಡಕ್ಕೆ ಹೊಸ ದಾರಿಯನ್ನು ತೋರಿಸಿದವನು ತಾನೇ ಆಗಿದ್ದರೂ, ರೀಡನು ಮಾರ್ಗದರ್ಶಕನಾಗಿ ಮುಂದೆ ನಡೆದನೆಂದು, ಮತ್ತೊಬ್ಬರ ವಿಷಯವನ್ನು ಹೇಳುವವನಂತೆ ತನ್ನ ಹೆಸರನ್ನು ಅಲ್ಲಿ ಗುರುತಿಸಿಕೊಂಡಿದ್ದಾನೆ. ಇದು ವಿನಯವೋ, ಮಿಲ್ಲರನ ದಿನಚರಿಯನ್ನು ಮಿಲ್ಲರನ ದನಿಯಲ್ಲಿಯೇ ನಡೆಸಬೇಕೆಂಬ ನಿಷ್ಠೆಯೋ, ಪ್ರತಿಯೊಬ್ಬ ಓದುಗನೂ ತನ್ನ ಮನಸ್ಸಿಗೆ ಬಂದಂತೆ ತಿಳಿಯಬಹುದು. ನನಗಂತೂ ಇದು ಅಭಿಮಾನಿಯಾದ ಒಬ್ಬ ಮನುಷ್ಯನು ತನ್ನನ್ನು ತಾನೇ ದೂರದಿಂದ ನೋಡಿಕೊಳ್ಳುತ್ತಿದ್ದ ರೀತಿಯೆಂದು ತೋರುತ್ತದೆ.

ಆ ಹೊಸ ದಾರಿಯೇ ಅವರ ಅನರ್ಥಕ್ಕೆ ಮೂಲ. ಲ್ಯಾನ್ಸ್‌ಫರ್ಡ್ ಹೇಸ್ಟಿಂಗ್ಸ್ ಎಂಬ ವಕೀಲನು 1845ರಲ್ಲಿ ಪ್ರಕಟಿಸಿದ ಮಾರ್ಗದರ್ಶಿ ಪುಸ್ತಕದಲ್ಲಿ, ಎಲ್ಲರೂ ಹೋಗುವ ದಾರಿಯನ್ನು ಬಿಟ್ಟು ನೈಋತ್ಯಕ್ಕೆ ತಿರುಗಿ ಮಹಾ ಉಪ್ಪುಸರೋವರದ ಕಡೆಯಿಂದ ಹೋದರೆ ಕ್ಯಾಲಿಫೋರ್ನಿಯಾ ಬಹಳ ಹತ್ತಿರವೆಂದು ಸೂಚಿಸಿದ್ದನು. ಬರೆದಾಗ ಅವನಿನ್ನೂ ಆ ದಾರಿಯಲ್ಲಿ ನಡೆದಿರಲಿಲ್ಲ. ಜೂನ್ 27ರ ರಾತ್ರಿ ಲಾರಮಿ ಕೋಟೆಯ ಬಳಿ, ಆ ದಾರಿಯನ್ನು ಪೂರ್ವಾಭಿಮುಖವಾಗಿ ಆಗತಾನೇ ದಾಟಿ ಬಂದಿದ್ದ ಕ್ಲೈಮನ್ನನು ಹಳೆಯ ಯುದ್ಧಮಿತ್ರನಾದ ರೀಡನನ್ನು ಕಂಡು, ಬಂಡಿಗಳೊಡನೆ ಅಲ್ಲಿಗೆ ಹೋಗಬೇಡ, ಎಲ್ಲರೂ ಹೋಗುವ ದಾರಿಯನ್ನೇ ಹಿಡಿ ಎಂದು ಬಹಳವಾಗಿ ಹೇಳಿದನು. ಹತ್ತಿರದ ದಾರಿ ಇರುವಾಗ ಸುತ್ತುದಾರಿಯೇಕೆ ಎಂಬುದು ರೀಡನ ಪ್ರತ್ಯುತ್ತರವಾಗಿತ್ತು. ಜುಲೈ 31ರಂದು, ಹೊಸ ದಾರಿ ಕವಲೊಡೆಯುವ ಬ್ರಿಜರ್ ಕೋಟೆಯಿಂದ ಊರಿಗೆ ಬರೆದ ಪತ್ರದಲ್ಲಿ ಅವನು 350ರಿಂದ 400 ಮೈಲಿ ಉಳಿಯುವುದೆಂದು ಹರ್ಷಪಟ್ಟು, ಕೋಟೆಯ ಯಜಮಾನರಾದ ಬ್ರಿಜರ್ ಮತ್ತು ವಾಸ್ಕೆಸ್ ಇಬ್ಬರೂ ಸಜ್ಜನರೆಂದು ಹೊಗಳಿದ್ದಾನೆ. ಆದರೆ ಅದಕ್ಕೆ ಕೆಲವು ದಿನಗಳ ಮುಂಚೆ ಅದೇ ಕೋಟೆಯನ್ನು ಹಾಯ್ದುಹೋಗಿದ್ದ ಎಡ್ವಿನ್ ಬ್ರಯಂಟ್ ಎಂಬ ಪತ್ರಿಕೋದ್ಯೋಗಿ, ಹಿಂದೆ ಬರುವ ಮಿತ್ರರಿಗಾಗಿ ಎಚ್ಚರಿಕೆಯ ಕಾಗದಗಳನ್ನು ಅಲ್ಲಿ ಬಿಟ್ಟಿದ್ದನು. ಅವು ರೀಡನಿಗೆ ತಲುಪಲಿಲ್ಲ. ಹೊಸ ದಾರಿಯಿಂದ ಲಾಭ ಪಡೆಯುವವರಾಗಿದ್ದುದರಿಂದ ಕೋಟೆಯವರೇ ಅವನ್ನು ಅಡಗಿಸಿದರೆಂದು ಅವನು ಮುಂದೆ ನಂಬಿದನು. ರೀಡರ ಕಾಗದಗಳನ್ನು ಎಣಿಸುವಾಗ ಅವರ ಕೈಸೇರದ ಈ ಕಾಗದವನ್ನೂ ನಾನು ಎಣಿಕೆಗೆ ಹಿಡಿಯುತ್ತೇನೆ. ಅವರು ಬರೆದ ಯಾವ ಪುಟಕ್ಕಿಂತಲೂ ಅದರ ಭಾರ ಹೆಚ್ಚು. ರೀಡನ ಹರ್ಷದ ಪತ್ರವು ಸ್ಪ್ರಿಂಗ್‌ಫೀಲ್ಡಿನ ಪತ್ರಿಕೆಯಲ್ಲಿ ನವೆಂಬರ್ ತಿಂಗಳಲ್ಲಿ ಅಚ್ಚಾಗುವ ವೇಳೆಗೆ ಅವನ ಹೆಂಡತಿ ಮಕ್ಕಳು ಹಿಮದಲ್ಲಿ ಸಿಕ್ಕಿಬಿದ್ದಿದ್ದರು.

ವಾಸಾಚ್ ಬೆಟ್ಟಗಳಲ್ಲಿ ಬಂಡಿಗೆ ದಾರಿಯೇ ಇರಲಿಲ್ಲ. ಮರ ಕಡಿದು, ಪೊದೆ ಸವರಿ, ಬಂಡೆ ಉರುಳಿಸಿ, ಮೂವತ್ತಾರು ಮೈಲಿಯ ದಾರಿಯನ್ನು ತಾವೇ ಮಾಡಿಕೊಳ್ಳುವುದರಲ್ಲಿ ಎರಡು ವಾರಕ್ಕೂ ಮೇಲ್ಪಟ್ಟು ಕಾಲ ಕಳೆಯಿತು. ಬಳಿಕ ಉಪ್ಪಿನ ಬಯಲು. ಎರಡು ಹಗಲು ಎರಡು ರಾತ್ರಿಯ ಪ್ರಯಾಣವೆಂದು ಹೇಸ್ಟಿಂಗ್ಸನು ಚೀಟಿ ಬರೆದಿಟ್ಟುಹೋಗಿದ್ದ ಆ ನೀರಿಲ್ಲದ ಬಯಲು ಸುಮಾರು ಎಂಬತ್ತು ಮೈಲಿಯಷ್ಟಿತ್ತು. ನೀರನ್ನರಸಿ ರೀಡನು ಕುದುರೆಯ ಮೇಲೆ ಮುಂದೆ ಹೋದಾಗ, ಬಾಯಾರಿ ಹುಚ್ಚೆದ್ದ ಅವನ ಎತ್ತುಗಳು ನೊಗ ಕಳಚಿದೊಡನೆ ಕತ್ತಲಲ್ಲಿ ಓಡಿಹೋಗಿ ಮರಳಿ ಸಿಕ್ಕಲೇ ಇಲ್ಲ. ಮರುದಿನದ ರಾತ್ರಿ ಇಡೀ ಕುಟುಂಬವು ಕಾಲ್ನಡೆಯಾಗಿ ಹೊರಟಿತು. ಕಿರಿಯನಾದ ಥಾಮಸನನ್ನು ರೀಡನು ಎತ್ತಿಕೊಂಡನು. ಚಳಿಗಾಳಿ ಬೀಸತೊಡಗಿದಾಗ ಮಕ್ಕಳನ್ನು ನೆಲದ ಮೇಲೆ ಒತ್ತಾಗಿ ಮಲಗಿಸಿ, ಬೆಚ್ಚಗಾಗಲೆಂದು ಮನೆಯ ಐದು ನಾಯಿಗಳನ್ನು ಅವರಿಗೆ ಒರಗಿಸಿ ಮಲಗಿಸಿದರು. ತಂಡದಲ್ಲೆಲ್ಲ ಶ್ರೀಮಂತನೆನಿಸಿದ್ದವನ ಬಳಿ ಬೆಳಗಾಗುವ ಹೊತ್ತಿಗೆ ಉಳಿದಿದ್ದುದು ಒಂದು ಎತ್ತು ಮತ್ತು ಒಂದು ಹಸು. ದಿನಚರಿಯಲ್ಲಿ ಈ ನಷ್ಟದ ಲೆಕ್ಕವಿದೆ, ಗೋಳಾಟವಿಲ್ಲ.

ಅಕ್ಟೋಬರ್ 5. ಇಂದಿನ ನೆವಾಡ ಪ್ರಾಂತದ ಹಂಬೋಲ್ಟ್ ನದಿಯ ತೀರ. ಒಂದು ಕಡಿದಾದ ಮರಳು ದಿಬ್ಬವನ್ನು ಹತ್ತುವಾಗ ಎತ್ತುಗಳು ಒಂದಕ್ಕೊಂದು ತೊಡರಿಕೊಂಡುವು. ತಂಡದಲ್ಲಿದ್ದ ಗ್ರೇವ್ಸ್ ಕುಟುಂಬದ ಬಂಡಿ ಹೊಡೆಯುತ್ತಿದ್ದ ಜಾನ್ ಸ್ನೈಡರ್ ಎಂಬ ಯುವಕನಿಗೂ ರೀಡನ ಕಡೆಯವರಿಗೂ ಮಾತಿಗೆ ಮಾತು ಬೆಳೆಯಿತು. ಸ್ನೈಡರನು ಚಾವಟಿಯ ಹಿಡಿಯಿಂದ ರೀಡನ ತಲೆಯ ಮೇಲೆ ಹೊಡೆದನು. ನಡುವೆ ಬಂದ ಮಾರ್ಗರೆಟ್ಟಳಿಗೂ ಏಟು ಬಿತ್ತು. ರೀಡನು ಸೊಂಟದ ಕತ್ತಿಯನ್ನು ಹಿರಿದು ಇರಿದನು. ಸ್ನೈಡರನು ಅಲ್ಲಿಯೇ ಸತ್ತನು. ಬಂಡಿಯ ಮೂಕಿಯನ್ನು ಮೇಲಕ್ಕೆತ್ತಿ ನಿಲ್ಲಿಸಿ ಗಲ್ಲಿಗೇರಿಸಬೇಕೆಂದವರೂ ಉಂಟು. ಕೊನೆಗೆ ಅವನನ್ನು ತಂಡದಿಂದ ಹೊರಗಟ್ಟುವುದೆಂದು ತೀರ್ಮಾನವಾಯಿತು. ಹೆಂಡತಿ ಮತ್ತು ನಾಲ್ವರು ಮಕ್ಕಳನ್ನು ತನ್ನನ್ನು ಹೊರದೂಡಿದವರ ಕೈಯಲ್ಲಿಯೇ ಬಿಟ್ಟು ರೀಡನು ಏಕಾಂಗಿಯಾಗಿ ಮುಂದೆ ಹೊರಟನು. ರಾತ್ರಿ ಕತ್ತಲಲ್ಲಿ ವರ್ಜೀನಿಯಾಳು ಬಂಡಿ ಹೊಡೆಯುವ ಮಿಲ್ಟ್ ಎಲಿಯಟ್ಟನೊಡನೆ ಹಿಂಬಾಲಿಸಿ ಹೋಗಿ, ತಂದೆಗೆ ಬಂದೂಕನ್ನೂ ಮದ್ದುಗುಂಡುಗಳನ್ನೂ ಒಂದಿಷ್ಟು ಆಹಾರವನ್ನೂ ಕೊಟ್ಟುಬಂದಳು.

ನಾನು ಈಗ ಹೇಳಿದುದೊಂದೂ ಆ ದಿನಚರಿಯಲ್ಲಿಲ್ಲ. ಬರೆಯುತ್ತಿದ್ದವನು ಹೊರಟುಹೋದ ಮೇಲೆ ಬರಹ ನಿಂತುದು ಸಹಜವೇ. ಆದರೆ 1847ರ ಮೇ 16ರಂದು, ಎಲ್ಲ ಮುಗಿದ ಮೇಲೆ, ವರ್ಜೀನಿಯಾಳು ನಾಪಾ ಕಣಿವೆಯಿಂದ ಸ್ಪ್ರಿಂಗ್‌ಫೀಲ್ಡಿನಲ್ಲಿದ್ದ ಸೋದರಸಂಬಂಧಿ ಮೇರಿ ಕೀಸಳಿಗೆ ಬರೆದ ದೀರ್ಘ ಪತ್ರದಲ್ಲಿಯೂ ಆ ವಿಷಯವಿಲ್ಲ. ಇಂದು ಬರ್ಕ್‌ಲಿಯ ಬ್ಯಾಂಕ್ರಾಫ್ಟ್ ಗ್ರಂಥಾಲಯದಲ್ಲಿರುವ ಆ ಪತ್ರವು ಅನನ್ಯವಾದುದು. ಕಾಗುಣಿತದ ಪರಿವೆಯಿಲ್ಲದೆ, ವಾಕ್ಯಕ್ಕೆ ವಾಕ್ಯವನ್ನು ಪೋಣಿಸುತ್ತ, ಹದಿಮೂರರ ಹುಡುಗಿ ಅಜ್ಜಿಯ ಮರಣದಿಂದ ಮೊದಲುಗೊಂಡು ಹಸಿವಿನ ಹಿಮದವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾಳೆ. ತಮ್ಮ ಪ್ರೀತಿಯ ಪುಟ್ಟ ನಾಯಿ ಕ್ಯಾಷನ್ನು ಕೊಂದು ತಿಂದು ಒಂದು ವಾರ ಬದುಕಿದೆವೆಂಬುದನ್ನೂ ಮರೆಮಾಚುವುದಿಲ್ಲ. ಆ ಪತ್ರದ ಸಾಲುಗಳ ನಡುವೆ ಮತ್ತೊಂದು ಕೈಯ ಬರವಣಿಗೆಯಿದೆ. ಅದು ತಂದೆಯದು: ಅಲ್ಲೊಂದು ವಿವರವನ್ನು ಸೇರಿಸಿದ್ದಾನೆ, ಇಲ್ಲೊಂದನ್ನು ತಿದ್ದಿದ್ದಾನೆ. ಸ್ನೈಡರನ ಹೆಸರನ್ನು ಮಾತ್ರ ಮಗಳೂ ಬರೆಯಲಿಲ್ಲ, ತಂದೆಯೂ ಸೇರಿಸಲಿಲ್ಲ. ಒಂದೇ ಹಾಳೆಯ ಮೇಲೆ ಎರಡು ಕೈಗಳು ಕೂಡಿ ಕಾಪಾಡಿದ ಆ ಮೌನವನ್ನು ನೆನೆದಾಗ ನನಗೆ ತೀರ್ಪು ಹೇಳುವ ಮನಸ್ಸಾಗುವುದಿಲ್ಲ. ತಂದೆಯನ್ನು ಕಾಡಿನ ಕತ್ತಲೆಗೆ ಕಳುಹಿಸಿಕೊಟ್ಟ ಹುಡುಗಿ ಅವನು ಜೀವಸಹಿತ ಮರಳಿ ದೊರೆತ ಮೇಲೆ ಆ ದಿನವನ್ನು ಹೇಗೆ ಬರೆದಾಳು? ಅವಳು ಅದನ್ನು ಅಚ್ಚಿನಲ್ಲಿ ಹೇಳಿದುದು 1891ರಲ್ಲಿ, ಸೆಂಚುರಿ ಎಂಬ ಮಾಸಪತ್ರಿಕೆಗೆ ತನ್ನ ಸ್ಮೃತಿಗಳನ್ನು ಬರೆದುಕೊಟ್ಟಾಗ. ಅಷ್ಟು ಹೊತ್ತಿಗೆ ಸ್ನೈಡರನು ಸತ್ತು ನಲವತ್ತೈದು ವರ್ಷಗಳಾಗುತ್ತ ಬಂದಿದ್ದುವು, ತಂದೆ ತೀರಿಕೊಂಡು ಹದಿನೇಳು ವರ್ಷಗಳಾಗಿದ್ದುವು.

ಹೊರಗಟ್ಟಿದ ತೀರ್ಪೇ ರೀಡರ ಉಳಿವಿಗೆ ಕಾರಣವಾಯಿತು. ಅಕ್ಟೋಬರ್ ಕೊನೆಗೆ ರೀಡನು ಹಸಿವಿನಿಂದ ಅಸ್ಥಿಮಾತ್ರನಾಗಿ ಸಟರ್ ಕೋಟೆಯನ್ನು ಸೇರಿದನು. ತಂಡವು ಟ್ರಕೀ ಸರೋವರದ ಬಳಿ ಸಿಯೆರಾ ನೆವಾಡದ ಹಿಮಕ್ಕೆ ಸಿಕ್ಕಿತು. ನವೆಂಬರಿನಲ್ಲಿಯೇ ಅವನು ಆಹಾರದೊಡನೆ ಹೊರಟು ಹಿಮದ ಆಳಕ್ಕೆ ಸೋತು ಹಿಂದಿರುಗಿದನು. ಮೆಕ್ಸಿಕೋದೊಡನೆ ಯುದ್ಧ ನಡೆಯುತ್ತಿದ್ದುದರಿಂದ ಜನರು ದೊರೆಯಲಿಲ್ಲ. 1847ರ ಜನವರಿ 2ರಂದು ಸಾಂತಾ ಕ್ಲಾರಾದ ಕಾಳಗದಲ್ಲಿ ಅವನೂ ಹೋರಾಡಬೇಕಾಯಿತು. ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನರು ಚಂದಾ ಎತ್ತಿಕೊಟ್ಟ ಮೇಲೆಯೇ ಎರಡನೆಯ ಪರಿಹಾರ ತಂಡವನ್ನು ಕಟ್ಟುವುದು ಸಾಧ್ಯವಾಯಿತು.

ಸರೋವರದ ಕಡೆಯ ಕಥೆಗೆ ಮತ್ತೊಂದು ಮನೆತನದ ಕಾಗದವೇ ಸಾಕ್ಷಿ. ಪ್ಯಾಟ್ರಿಕ್ ಬ್ರೀನ್ ಎಂಬ ಐರಿಷ್ ರೈತನು ಕಾಗದದ ಹಾಳೆಗಳನ್ನು ಮಡಿಸಿ ಮಾಡಿದ ಸಣ್ಣ ಪುಸ್ತಕದಲ್ಲಿ 1846ರ ನವೆಂಬರ್ 20ರಿಂದ 1847ರ ಮಾರ್ಚ್ 1ರವರೆಗೆ ಗಾಳಿ, ಹಿಮ, ಮರಣ, ಪ್ರಾರ್ಥನೆಗಳನ್ನು ಬರೆದಿಟ್ಟನು. ಅದೂ ಬ್ಯಾಂಕ್ರಾಫ್ಟಿನಲ್ಲಿಯೇ ಇದೆ. ಜನವರಿ 4ರಂದು ಮಾರ್ಗರೆಟ್ಟಳು ಮೂವರು ಕಿರಿಯ ಮಕ್ಕಳನ್ನು ಪರರ ಗುಡಿಸಲುಗಳಲ್ಲಿ ಬಿಟ್ಟು, ವರ್ಜೀನಿಯಾ ಮೊದಲಾದ ಮೂವರೊಡನೆ ಬೆಟ್ಟ ದಾಟಲೆಳಸಿ, ಕೆಲವು ರಾತ್ರಿಗಳನ್ನು ಹಿಮದಲ್ಲಿ ಕಳೆದು, ವರ್ಜೀನಿಯಾಳ ಕಾಲ್ಬೆರಳುಗಳು ಮರಗಟ್ಟಿ ಹಿಂದಿರುಗಿದುದನ್ನು ಅವನು ಗುರುತುಮಾಡಿದ್ದಾನೆ. ತಮ್ಮ ಗುಡಿಸಲಿಗೆ ಹೊದಿಸಿದ್ದ ಎತ್ತಿನ ಚರ್ಮವನ್ನೇ ಬೇಯಿಸಿ ತಿಂದ ರೀಡರು ಕೊನೆಗೆ ಬ್ರೀನನ ಗುಡಿಸಲಿನಲ್ಲಿ ಆಶ್ರಯ ಪಡೆದರು. ರಾತ್ರಿ ಬ್ರೀನನು ಕ್ಯಾಥೊಲಿಕ್ ಪ್ರಾರ್ಥನೆಗಳನ್ನು ಓದುವಾಗ ಪಂಜು ಹಿಡಿದು ಕೇಳುತ್ತಿದ್ದ ವರ್ಜೀನಿಯಾ, ಬದುಕಿ ಉಳಿದರೆ ತಾನೂ ಆ ಮತಕ್ಕೆ ಸೇರುವೆನೆಂದು ಹರಕೆ ಹೊತ್ತಳು, ಮುಂದೆ ನಡೆಸಿಕೊಂಡಳು.

ಫೆಬ್ರವರಿ 18ರಂದು ಮೊದಲ ಪರಿಹಾರ ತಂಡವು ಬಂದಾಗ ಮಾರ್ಗರೆಟ್ಟಳು ನಾಲ್ವರು ಮಕ್ಕಳೊಡನೆ ಹೊರಟಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಪ್ಯಾಟಿಯೂ ಥಾಮಸನೂ ನಡೆಯಲಾರರೆಂಬುದು ಗೊತ್ತಾಯಿತು. ಅವರಿಬ್ಬರನ್ನು ಹಿಂದಕ್ಕೆ ಕಳುಹಿಸಬೇಕು. ನಿಮ್ಮ ಮಕ್ಕಳಿಗಾಗಿ ಮರಳಿ ಬರುವೆನೆಂದು ತಂಡದ ನಾಯಕರಲ್ಲೊಬ್ಬನಾದ ಗ್ಲೋವರನು ಭಾಷೆ ಕೊಟ್ಟನು. ಎಂಟು ವರ್ಷದ ಪ್ಯಾಟಿಯು, ಮತ್ತೆ ನನ್ನನ್ನು ಕಾಣದೆ ಹೋದರೆ ನಿನ್ನಿಂದಾದಷ್ಟು ಮಾಡಿಕೊ ಅಮ್ಮ ಎಂದು ತಾಯಿಯನ್ನು ಸಂತೈಸಿ ಬೀಳ್ಕೊಂಡಳೆಂದು ಅಕ್ಕನು ತನ್ನ ಪತ್ರದಲ್ಲಿ ಬರೆದಿದ್ದಾಳೆ. ಬ್ರೀನರ ಗುಡಿಸಲು ಆ ಮಕ್ಕಳನ್ನು ಮನಸ್ಸಿಲ್ಲದ ಮನಸ್ಸಿನಿಂದ ಒಳಗೆ ಬಿಟ್ಟುಕೊಂಡಿತು. ಹಸಿದ ಹೊಟ್ಟೆಗಳು ತುಂಬಿದ್ದ ಮನೆ ಅದು.

ಫೆಬ್ರವರಿ 27ರಂದು, ಎದುರಾಗಿ ಬರುತ್ತಿದ್ದ ರೀಡನು ಹಿಮದ ದಾರಿಯಲ್ಲಿ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಸಂಧಿಸಿದನು. ಪರಿಹಾರಯಾತ್ರೆಯಲ್ಲಿ ಅವನು ಮತ್ತೆ ಬರೆಯತೊಡಗಿದ್ದ ಟಿಪ್ಪಣಿಗಳು ಅದೇ ಮನೆತನದ ಕಾಗದಗಳಲ್ಲಿವೆ. ಮಾರ್ಚ್ 1ರಂದು ಸರೋವರವನ್ನು ಸೇರಿದಾಗ, ಹಿಮದಲ್ಲಿ ಹೂತ ಗುಡಿಸಲಿನ ಛಾವಣಿಯ ಮೇಲೆ ಪ್ಯಾಟಿ ಕುಳಿತಿದ್ದಳು. ಅವನ ಜೊತೆ ಬಂದವರಲ್ಲಿ ಒಬ್ಬನು ಆ ದಿನಚರಿಯನ್ನು ಆರಂಭಿಸಿದ್ದ ಹಿರಂ ಮಿಲ್ಲರ್. ಥಾಮಸನನ್ನು ಎತ್ತಿಕೊಂಡು ಬೆಟ್ಟ ಇಳಿಸಿದವನು ಅವನೇ. ತಂಡದ 87 ಜನರಲ್ಲಿ ಬದುಕಿದವರು 48. ರೀಡರ ಆರು ಜನರೂ ಉಳಿದರು. ಹಸಿವು ಕೆಲವರನ್ನು ಸತ್ತವರ ಮಾಂಸಕ್ಕೆ ಕೈಯೊಡ್ಡಿಸಿದಾಗಲೂ ರೀಡರು ಅದನ್ನು ಮುಟ್ಟಲಿಲ್ಲ.

ಈ ಕಾಗದಗಳಲ್ಲಿ ದನಿಯಿಲ್ಲದವರೂ ಇದ್ದಾರೆ. ಸಟರನ ಕೋಟೆಯಿಂದ ಆಹಾರ ಹೊತ್ತ ಹೇಸರಗತ್ತೆಗಳೊಡನೆ ಬೆಟ್ಟ ಹತ್ತಿ ಬಂದು ತಂಡದೊಡನೆ ತಾವೂ ಹಿಮಕ್ಕೆ ಸಿಕ್ಕಿದ ಲೂಯಿಸ್ ಮತ್ತು ಸಾಲ್ವಡಾರ್ ಎಂಬ ಇಬ್ಬರು ಮೂಲನಿವಾಸಿ ತರುಣರನ್ನು, ಡಿಸೆಂಬರ್ 16ರಂದು ನಡೆದುಕೊಂಡೇ ಬೆಟ್ಟ ದಾಟಹೊರಟ ಗುಂಪಿನವರು ಹಸಿವಿನಲ್ಲಿ ಗುಂಡಿಟ್ಟು ಕೊಂದರು. ನೆರವಿಗೆ ಬಂದ ಅವರ ಪಾಲಿಗೆ ಈ ಕಾಗದಗಳಲ್ಲಿ ಉಳಿದುದು ಮಿಷನಿನ ಪಾದ್ರಿಗಳಿಟ್ಟ ಎರಡು ಹೆಸರುಗಳು ಮಾತ್ರ. ಆ ನೆಲದ ವಾಶೋ ಜನರು ಚಳಿಗಾಲವಿಡೀ ಅಪರಿಚಿತರನ್ನು ದೂರದಿಂದ ನೋಡಿದುದು, ಆಹಾರವನ್ನಿಟ್ಟುಬರಲು ಹೋದುದು, ಬಾಯಿಂದ ಬಾಯಿಗೆ ಬಂದ ಅವರ ಕಥನಗಳಲ್ಲಿದೆ. ಚರಿತ್ರಕಾರರು ಅದಕ್ಕೆ ಕಿವಿಗೊಟ್ಟುದು ತೀರ ಈಚೆಗೆ. ರೀಡನ ಮೌನ ಅವನು ತಾನೇ ಆರಿಸಿಕೊಂಡುದು. ಇವರ ಮೌನ ಇವರು ಆರಿಸಿಕೊಂಡುದಲ್ಲ.

ರೀಡನು ಸ್ಯಾನ್ ಹೋಸೆಯಲ್ಲಿ ನೆಲೆಸಿ, ಭೂಮಿಯನ್ನು ಕೊಂಡು, ಮತ್ತೆ ಸ್ಥಿತಿವಂತನಾಗಿ 1874ರಲ್ಲಿ ತೀರಿಕೊಂಡನು. ಆ ಊರಿನ ಬೀದಿಗಳಿಗೆ ಇಂದಿಗೂ ರೀಡ್, ಮಾರ್ಗರೆಟ್, ವರ್ಜೀನಿಯಾ, ಮಾರ್ಥಾ, ಕೀಸ್ ಎಂಬ ಹೆಸರುಗಳಿವೆ. ಕಾಗದಗಳೆಲ್ಲ ಪ್ಯಾಟಿಯ ಪಾಲಿಗೆ ಬಂದುವು. ಅವಳು 1856ರಲ್ಲಿ ಮದುವೆಯಾಗಿ, ಎಂಟು ಮಕ್ಕಳನ್ನು ಹೆತ್ತು, ಇಪ್ಪತ್ತು ವರ್ಷಗಳಲ್ಲಿ ವಿಧವೆಯಾಗಿ, ಸಾಂತಾ ಕ್ರೂಸ್ ಸೀಮೆಯಲ್ಲಿ ಹೊಟೆಲು ನಡೆಸಿ ಜೀವಿಸಿದಳು. ಆ ಎಲ್ಲ ಮನೆಬದಲಾವಣೆಗಳ ನಡುವೆಯೂ ತಂದೆಯ ಕಾಗದಗಳನ್ನು ಬಿಡಲಿಲ್ಲ. ಕೈಗಿಂತ ಚಿಕ್ಕದಾದ ಮರದ ಗೊಂಬೆಯೊಂದನ್ನು ಮರುಭೂಮಿಯಿಂದ ಹಿಡಿದು ಹಿಮದವರೆಗೆ ಉಡುಪಿನೊಳಗೆ ಬಚ್ಚಿಟ್ಟು ತಂದವಳು ಅವಳು. ಆ ಗೊಂಬೆಯೂ ಸಟರ್ ಕೋಟೆಗೆ ಸೇರಿದೆ. ಸಂತತಿಯವರ ಮೂಲಕ ಅಲ್ಲಿಗೆ ಬಂದ ಕಾಗದಪತ್ರಗಳಲ್ಲಿ ನಲವತ್ತೊಂದನ್ನು ಆ ಕೋಟೆಯ ಪಾಲಕನಾದ ಕ್ಯಾರೊಲ್ ಹಾಲ್ 1947ರಲ್ಲಿ ಅಚ್ಚಿಗೆ ತಂದನು. ಈ ಯಾತ್ರೆಯ ವೃತ್ತಾಂತವನ್ನು 1936ರಲ್ಲಿ ಬರೆದು ಪ್ರಸಿದ್ಧನಾಗಿದ್ದ ಜಾರ್ಜ್ ಸ್ಟೀವರ್ಟನು ತನ್ನ ಗ್ರಂಥದ 1960ರ ಆವೃತ್ತಿಯಲ್ಲಿ ಮಿಲ್ಲರ್ ಮತ್ತು ರೀಡರ ದಿನಚರಿಗೂ ಸ್ಥಳ ಕೊಟ್ಟನು. ವಾಸಾಚ್ ಬೆಟ್ಟದಿಂದ ಉಪ್ಪಿನ ಬಯಲಿನವರೆಗಿನ ಒಂದೊಂದು ಬಿಡಾರವನ್ನೂ ವಿದ್ವಾಂಸರು ಇಂದು ನಕ್ಷೆಯ ಮೇಲೆ ಗುರುತಿಸಬಲ್ಲರಾದರೆ ಅದಕ್ಕೆ ಮುಖ್ಯ ಆಧಾರ ಆ ಕೆಲವು ಪುಟಗಳು.

1918ರ ಜೂನ್ ತಿಂಗಳಲ್ಲಿ, ಈಗ ಡಾನರ್ ಎಂದು ಕರೆಯಲ್ಪಡುವ ಆ ಸರೋವರದ ಬಳಿ, ಆ ಚಳಿಗಾಲದ ಹಿಮದ ಎತ್ತರವನ್ನು ತೋರಿಸುವಂತೆ ಇಪ್ಪತ್ತೆರಡು ಅಡಿಯ ಪೀಠವನ್ನು ಕಟ್ಟಿ ಅದರ ಮೇಲೆ ಸ್ಮಾರಕದ ಪ್ರತಿಮೆಯನ್ನು ನಿಲ್ಲಿಸಿದರು. ಉಳಿದವರಲ್ಲಿ ಮೂವರು ವೃದ್ಧೆಯರು ಅಲ್ಲಿಗೆ ಬಂದಿದ್ದರು: ಡಾನರರ ಮಕ್ಕಳಾದ ಎಲೈಜಾ ಮತ್ತು ಫ್ರಾನ್ಸೆಸ್, ಅವರ ಜೊತೆಗೆ ಎಂಬತ್ತರ ಪ್ಯಾಟಿ ರೀಡ್. ಎಪ್ಪತ್ತೊಂದು ವರ್ಷಗಳ ಹಿಂದೆ ತಂದೆಯ ಬರವನ್ನು ಕಾಯುತ್ತ ಅವಳು ಕುಳಿತಿದ್ದುದು ಅಲ್ಲಿಯ ಹಿಮದಲ್ಲಿ ಹೂತ ಛಾವಣಿಯ ಮೇಲೆ. ಅಕ್ಟೋಬರ್ 4ರಲ್ಲಿ ನಿಂತುಹೋದ ಅವನ ದಿನಚರಿ ಆಗಲೂ ಆ ಮನೆತನದ ಕೈಯಲ್ಲಿಯೇ ಇತ್ತು.